‘ಬೇಗ ವಾಪಸ್ ಕೊಡ್ತೀವಿ’: ಗೆದ್ದ ಸೈನ್ಯ ಕೊಟ್ಟ ಮಾತು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೇರೆ ದೇಶಕ್ಕೆ ಸೈನ್ಯ ನುಗ್ಗಿಸಿದವರು ‘ಅಧಿಕಾರ ನಿಮಗೇ ಕೊಟ್ಟು ಹೋಗ್ತೀವಿ’ ಅಂತ ಮಾತು ಕೊಡುತ್ತಾರಲ್ಲ, ಅದು. ಮೊದಲ ಪ್ರಶ್ನೆಗೆ ಜಾಸ್ತಿ ಜಾಗ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಮೆರಿಕ 2004ರ ಜೂನ್ 28ರಂದು ಇರಾಕಿಗೆ ಅಧಿಕಾರ ಹಸ್ತಾಂತರ ಮಾಡಿತು ಅಂತ ಒಂದು ಪುಸ್ತಕದಲ್ಲಿದೆ. ಇನ್ನೊಂದರಲ್ಲಿ ಅಮೆರಿಕದ ಸೈನ್ಯ 2011ರ ಡಿಸೆಂಬರ್‌ನಲ್ಲಿ ಹೊರಟಿತು ಅಂತಿದೆ. ಯಾವುದನ್ನು ಬರೆಯಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸರಿ. ಹಸ್ತಾಂತರ ಯಾವಾಗ ಅಂತ ಕೇಳಿದರೆ 2004 ಬರೆದುಬಿಡಿ. ಆದರೆ ಅವತ್ತು ಏನು ಕೈ ಬದಲಾಯಿತು, ಏನು ಬದಲಾಗಲಿಲ್ಲ ಅನ್ನುವುದು ಗೊತ್ತಿಲ್ಲದಿದ್ದರೆ ಆ ತಾರೀಖು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ.

ಯುದ್ಧ ಶುರುವಾದದ್ದು 2003ರ ಮಾರ್ಚ್ 20ಕ್ಕೆ. ಅದಕ್ಕೆ ಮೂರು ವಾರ ಮೊದಲೇ ಅಧ್ಯಕ್ಷ ಜಾರ್ಜ್ ಬುಷ್ ಮಾತು ಕೊಟ್ಟಿದ್ದರು. ಅಗತ್ಯ ಇರುವಷ್ಟು ದಿನ ಇರಾಕಿನಲ್ಲಿ ಇರುತ್ತೇವೆ, ಅದರ ಮೇಲೆ ಒಂದು ದಿನವೂ ಇರುವುದಿಲ್ಲ ಅಂತ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅಗತ್ಯ ಮುಗಿಯಿತು ಅಂತ ಹೇಳುವವರು ಯಾರು? ಅದನ್ನು ಅವರು ಹೇಳಲಿಲ್ಲ. ಮುಂದಿನ ಎಂಟು ವರ್ಷದ ಜಗಳವೆಲ್ಲ ಆ ಒಂದು ಪ್ರಶ್ನೆಯ ಮೇಲೇ ನಡೆಯಿತು.

ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಆಡಳಿತ ನೋಡಿಕೊಳ್ಳಲು ಮೊದಲು ಬಂದವರು ಜೇ ಗಾರ್ನರ್, ನಿವೃತ್ತ ಜನರಲ್. ಬೇಗ ಚುನಾವಣೆ ಮಾಡಿಸಿ ಇರಾಕಿನವರ ಕೈಗೆ ಕೊಟ್ಟು ಹೊರಡಬೇಕು ಅನ್ನುವುದು ಅವರ ಇರಾದೆ. ಕೆಲವೇ ವಾರಗಳಲ್ಲಿ ಅವರ ಜಾಗಕ್ಕೆ ಪಾಲ್ ಬ್ರೆಮರ್ ಬಂದರು. ಬ್ರೆಮರ್ ಬಾಗ್ದಾದಿಗೆ ಕಾಲಿಟ್ಟದ್ದು ಮೇ 12ಕ್ಕೆ. ಮೇ ಮುಗಿಯುವುದರೊಳಗೆ ಮೂರು ಕೆಲಸ ಮಾಡಿದರು. ಸದ್ದಾಂ ಹುಸೇನ್ ಅವರ ಬಾತ್ ಪಕ್ಷದ ಮೇಲಿನ ಹಂತದವರನ್ನು ಸರ್ಕಾರಿ ಕೆಲಸದಿಂದ ತೆಗೆದರು. ಇರಾಕಿನ ಸೈನ್ಯವನ್ನೇ ವಿಸರ್ಜಿಸಿದರು. ಇರಾಕಿ ಸರ್ಕಾರ ಈಗಲೇ ಬೇಡ ಅಂದರು. ಕಚೇರಿ ನಡೆಸುತ್ತಿದ್ದವರನ್ನು ಮನೆಗೆ ಕಳಿಸಿದ ಮೇಲೆ, ಕಚೇರಿ ನಡೆಸೋಕೆ ನಿಮ್ಮಲ್ಲಿ ಯಾರೂ ಇಲ್ಲವಲ್ಲ ಅಂದ ಹಾಗಾಯಿತು.

ಜುಲೈನಲ್ಲಿ 25 ಜನರ ಆಡಳಿತ ಮಂಡಳಿ ಬಂತು. ಸದಸ್ಯರನ್ನು ಆರಿಸಿದ್ದು ಅಮೆರಿಕದವರ ಆಡಳಿತವೇ. ಕೊನೆಯ ಮಾತೂ ಬ್ರೆಮರ್ ಅವರದೇ. ಮೊದಲು ಸಂವಿಧಾನ, ಆಮೇಲೆ ಚುನಾವಣೆ, ಅದಾದ ಮೇಲೆ ಅಧಿಕಾರ ಅನ್ನುವುದು ಅವರ ಲೆಕ್ಕ. ಈ ಲೆಕ್ಕ ನಡೆಯಲಿಲ್ಲ. ನಡೆಯದ ಹಾಗೆ ಮಾಡಿದ್ದು ಬಂದೂಕು ಹಿಡಿದವರು ಮಾತ್ರ ಅಲ್ಲ. ನಜಫ್ ಊರಿನ ಒಂದು ಸಣ್ಣ ಮನೆಯಲ್ಲಿ ಕೂತಿದ್ದ ಶಿಯಾ ಧರ್ಮಗುರು ಅಲಿ ಸಿಸ್ತಾನಿ ಕೂಡ. ಸಂವಿಧಾನ ಬರೆಯುವವರನ್ನು ಇರಾಕಿನ ಜನರೇ ಆರಿಸಬೇಕು ಅಂತ ಅವರು 2003ರ ಜೂನ್‌ನಲ್ಲೇ ಫತ್ವಾ ಕೊಟ್ಟಿದ್ದರು. ಬ್ರೆಮರ್ ಅವರನ್ನು ಒಮ್ಮೆಯೂ ಭೇಟಿಯಾಗಲಿಲ್ಲ. ಅಮೆರಿಕದವರು ಈ ಫತ್ವಾವನ್ನು ಶುರುವಿನಲ್ಲಿ ಹಗುರವಾಗಿ ತೆಗೆದುಕೊಂಡರು. ನನ್ನ ಪ್ರಕಾರ ಅವರು ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಕೊನೆಗೆ ನವೆಂಬರ್ 15ಕ್ಕೆ ಹೊಸ ಒಪ್ಪಂದವಾಯಿತು. 2004ರ ಜೂನ್ 30ರೊಳಗೆ ಅಧಿಕಾರ ವಾಪಸ್. ಮೊದಲ ಸಲ ಮಾತಿಗೆ ಒಂದು ತಾರೀಖು ಸಿಕ್ಕಿತು. ಆದರೆ ಸರ್ಕಾರ ಆರಿಸುವುದು ಮತದಾನದಿಂದ ಅಲ್ಲ, ಜಿಲ್ಲೆ ಜಿಲ್ಲೆಯಲ್ಲಿ ಪ್ರಮುಖರ ಸಭೆ ಕೂಡಿಸಿ ಅಂದರು. ಸಿಸ್ತಾನಿ ಒಪ್ಪಲಿಲ್ಲ. ಜನವರಿಯಲ್ಲಿ ಸಾವಿರಾರು ಜನ ಬಾಗ್ದಾದಿನ ಬೀದಿಗಿಳಿದರು. ಅವರು ಕೇಳುತ್ತಿದ್ದದ್ದು ಮತದಾನ. ಪ್ರಜಾಪ್ರಭುತ್ವ ತರುತ್ತೇವೆ ಅಂತ ಬಂದವರ ಎದುರು ನಿಂತು ಚುನಾವಣೆ ಕೊಡಿ ಅಂತ ಕೂಗಬೇಕಾಯಿತು, ನೋಡಿ! ವಿಶ್ವಸಂಸ್ಥೆಯ ಲಖ್ದರ್ ಬ್ರಾಹಿಮಿ ಬಂದು ಮಧ್ಯಸ್ಥಿಕೆ ಮಾಡಿದರು. ಜೂನ್‌ಗೆ ಮಧ್ಯಂತರ ಸರ್ಕಾರ, ಚುನಾವಣೆ 2005ರ ಜನವರಿಯಲ್ಲಿ ಅಂತ ತೀರ್ಮಾನವಾಯಿತು.

ಈಗ ನಿಮ್ಮ ತಾರೀಖಿಗೆ ಬರೋಣ. ಜೂನ್ 30 ಅಂದಿದ್ದ ಕಾರ್ಯಕ್ರಮ ದಾಳಿಯ ಭಯಕ್ಕೆ ಎರಡು ದಿನ ಮೊದಲೇ ನಡೆದುಹೋಯಿತು. ಕಾವಲಿನ ಒಳಗಿನ ‘ಹಸಿರು ವಲಯ’ದ ಒಂದು ಕೋಣೆ. ಬೆರಳೆಣಿಕೆಯ ಜನ. ಬೆಳಿಗ್ಗೆ 10 ಗಂಟೆ 26 ನಿಮಿಷಕ್ಕೆ ಬ್ರೆಮರ್ ಒಂದು ಕಡತವನ್ನು ಇರಾಕಿನ ಮುಖ್ಯ ನ್ಯಾಯಮೂರ್ತಿಯ ಕೈಗಿಟ್ಟರು. ಪಕ್ಕದಲ್ಲಿ ಹೊಸ ಪ್ರಧಾನಿ ಅಯಾದ್ ಅಲ್ಲಾವಿ. ಅದೇ ದಿನ ಬ್ರೆಮರ್ ವಿಮಾನ ಹತ್ತಿ ದೇಶ ಬಿಟ್ಟರು. ಬೀದಿಯಲ್ಲಿದ್ದ ಜನರಿಗೆ ವಿಷಯ ಗೊತ್ತಾದದ್ದು ಟಿವಿಯಿಂದ.

ಮನೆಯ ಕೀಲಿ ಕೊಟ್ಟರು ಸರಿ. ಆದರೆ 1,30,000ಕ್ಕೂ ಜಾಸ್ತಿ ಅಮೆರಿಕದ ಸೈನಿಕರು ಇರಾಕಿನಲ್ಲೇ ಇದ್ದರು. ಬ್ರೆಮರ್ ಹೊರಡಿಸಿದ್ದ ಆದೇಶಗಳು ಒಟ್ಟು 100. ಇರಾಕಿನ ಸರ್ಕಾರ ತಾನಾಗಿ ಕಾನೂನು ಮಾಡಿ ರದ್ದು ಮಾಡುವವರೆಗೆ ಅವೂ ಜಾರಿಯಲ್ಲಿ ಇರಬೇಕು. ಅವುಗಳಲ್ಲಿ 17ನೇ ಆದೇಶವನ್ನು ಹಸ್ತಾಂತರದ ಹಿಂದಿನ ದಿನ ತಿದ್ದಿ ಹೊರಡಿಸಿದರು. ವಿದೇಶಿ ಸೈನಿಕರು, ವಿದೇಶಿ ಗುತ್ತಿಗೆದಾರರು ಇರಾಕಿನ ಕೋರ್ಟಿನ ಕೈಗೆ ಸಿಗುವುದಿಲ್ಲ ಅನ್ನುವ ರಕ್ಷಣೆ ಅದು. ಹೊರಡುವ ಮುನ್ನಾದಿನ!

ಅದು ಸುಮ್ನೆ ಕಾಗದದ ಮೇಲೆ ಉಳಿಯಲಿಲ್ಲ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಅಮೆರಿಕದ ಗುತ್ತಿಗೆ ಹಿಡಿದಿದ್ದ ಬ್ಲ್ಯಾಕ್‌ವಾಟರ್ ಅನ್ನುವ ಖಾಸಗಿ ಕಂಪನಿಯ ಕಾವಲುಗಾರರು ಗುಂಡು ಹಾರಿಸಿ 17 ಇರಾಕಿಗಳನ್ನು ಕೊಂದರು. ‘ಸಾರ್ವಭೌಮ’ ದೇಶಕ್ಕೆ ಅವರನ್ನು ತನ್ನ ಕೋರ್ಟಿಗೆ ಎಳೆಯಲು ಆಗಲಿಲ್ಲ. ಈ ಸಿಟ್ಟು ಮುಂದೆ ಕೆಲಸ ಮಾಡಿತು. 2008ರ ನವೆಂಬರ್‌ನಲ್ಲಿ ಹೊಸ ಒಪ್ಪಂದವಾಯಿತು. ಗುತ್ತಿಗೆದಾರರ ರಕ್ಷಣೆ ಹೋಯಿತು. 2009ರ ಜೂನ್ 30ರೊಳಗೆ ಸೈನ್ಯ ಊರುಗಳಿಂದ ಆಚೆ ಇರಬೇಕು, 2011 ಮುಗಿಯುವುದರೊಳಗೆ ದೇಶದಿಂದಲೇ ಆಚೆ. ಊರು ಬಿಟ್ಟ ದಿನ ಇರಾಕಿನಲ್ಲಿ ಸರ್ಕಾರಿ ರಜೆ ಕೊಟ್ಟರು, ಪಟಾಕಿ ಹೊಡೆದರು. 2004ರ ಜೂನ್ 28ಕ್ಕೆ ಈ ಸಂಭ್ರಮ ಇರಲಿಲ್ಲ. ಇರಾಕಿನವರಿಗೆ ಯಾವ ತಾರೀಖು ದೊಡ್ಡದು ಅಂತ ಇದರಿಂದಲೇ ಊಹಿಸಬಹುದು. 2011ರಲ್ಲಿ ಒಂದಿಷ್ಟು ಸೈನಿಕರನ್ನು ಉಳಿಸಿಕೊಳ್ಳುವ ಮಾತುಕತೆ ನಡೆದಿತ್ತು. ಅದು ಮುರಿದದ್ದೂ ಕೋರ್ಟಿನಿಂದ ರಕ್ಷಣೆ ಕೊಡಬೇಕೋ ಬೇಡವೋ ಅನ್ನುವ ವಿಷಯಕ್ಕೇ. ಡಿಸೆಂಬರ್ 18ಕ್ಕೆ ಕೊನೆಯ ವಾಹನಗಳು ಕುವೈತ್ ಗಡಿ ದಾಟಿದವು. (2014ರಲ್ಲಿ ಐಸಿಸ್ ಹಾವಳಿಗೆ ಇರಾಕೇ ಕರೆದು ಮತ್ತೆ ಬಂದರು. ಅದು ಬೇರೆ ಕಥೆ.)

ಪ್ರಶ್ನೆ: ಗೆದ್ದವರು ಇಷ್ಟು ದಿನದಲ್ಲಿ ಹೊರಡಬೇಕು ಅಂತ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ಲವೇ?
— ವಕೀಲರು, ಶಿವಮೊಗ್ಗ

ಉತ್ತರ: ಇಷ್ಟು ದಿನ ಅಂತ ಇಲ್ಲ ಸರ್. 1907ರ ಹೇಗ್ ನಿಯಮಗಳೂ 1949ರ ಜಿನೀವಾ ಒಪ್ಪಂದವೂ ಗೆದ್ದ ಸೈನ್ಯದ ಹಿಡಿತವನ್ನು ತಾತ್ಕಾಲಿಕ ಸ್ಥಿತಿ ಅಂತ ನೋಡುತ್ತವೆ. ನಿಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸ್ವಾಧೀನ ಇದೆ, ಮಾಲೀಕತ್ವ ಇಲ್ಲ. ತೀರಾ ಅನಿವಾರ್ಯವಾಗದೆ ಸ್ಥಳೀಯ ಕಾನೂನು ಬದಲಿಸಬಾರದು ಅಂತ ಹೇಗ್ ನಿಯಮಗಳ 43ನೇ ವಿಧಿ ಹೇಳುತ್ತದೆ. ಇರಾಕಿನಲ್ಲಿ ವಿದೇಶಿ ಹೂಡಿಕೆಯ ಕಾನೂನು, ತೆರಿಗೆ ಎಲ್ಲ ಬದಲಾದವು. ಭದ್ರತಾ ಮಂಡಳಿಯ 1483ನೇ ನಿರ್ಣಯ ಅಮೆರಿಕ ಮತ್ತು ಬ್ರಿಟನ್ನಿಗೆ ಈ ಹಳೆಯ ನಿಯಮ ಪಾಲಿಸಿ ಅಂದಿತು. ಹೊಸ ಸರ್ಕಾರ ಕಟ್ಟಲು ನೆರವಾಗಿ ಅಂತಲೂ ಅಂದಿತು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಕಾನೂನು ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ.

ಪ್ರಶ್ನೆ: ಬ್ರಿಟಿಷರು ಈಜಿಪ್ಟಿಗೂ ಇಂಥದೇ ಮಾತು ಕೊಟ್ಟಿದ್ದರಂತೆ. ಉಳಿಸಿಕೊಂಡರೇ?
— ನಿವೃತ್ತ ಮೇಷ್ಟ್ರು, ಹಾಸನ

ಉತ್ತರ: ಮೇಷ್ಟ್ರೇ, ನಮ್ಮ ಕಡೆ ಒಂದು ಕಾಲದಲ್ಲಿ ದೆವ್ವ ಬರುತ್ತೆ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ಬ್ರಿಟಿಷರು ಈಜಿಪ್ಟಿನ ಬಾಗಿಲ ಮೇಲೆ ಅದನ್ನೇ ಬರೆದರು. ವ್ಯತ್ಯಾಸ ಏನೆಂದರೆ, ಇಲ್ಲಿ ಬರೆದವರು ಹೊರಗಿನವರು, ನಾಳೆ ಬಾ ಅನ್ನಿಸಿಕೊಂಡವರು ಮನೆಯವರು.

1882ರ ಜುಲೈನಲ್ಲಿ ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾ ಮೇಲೆ ಗುಂಡಿನ ಮಳೆ ಸುರಿಸಿತು. ಸೆಪ್ಟೆಂಬರ್‌ನಲ್ಲಿ ತೆಲ್ ಎಲ್ ಕಬೀರ್‌ನಲ್ಲಿ ವಿದೇಶಿ ಹಿಡಿತದ ವಿರುದ್ಧ ಎದ್ದಿದ್ದ ಈಜಿಪ್ಟಿನ ಕರ್ನಲ್ ಉರಾಬಿಯ ಸೈನ್ಯ ಸೋತಿತು. ಆ ಯುದ್ಧದಲ್ಲಿ ಇಂಡಿಯಾದಿಂದ ಹೋದ ಪಡೆಗಳೂ ಇದ್ದವು. ಪ್ರಧಾನಿ ಗ್ಲಾಡ್‌ಸ್ಟನ್ ಆ ಆಗಸ್ಟ್‌ನಲ್ಲೇ ಸಂಸತ್ತಿನಲ್ಲಿ, ಈಜಿಪ್ಟಿನಲ್ಲಿ ಕಾಯಂ ಕೂರುವುದೊಂದನ್ನು ನಾವು ಖಂಡಿತ ಮಾಡುವುದಿಲ್ಲ ಅಂದರು. ಅವರು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಹೊರಡುವ ಮನಸ್ಸು ಅವರಿಗಿತ್ತು. ಆದರೆ ಸೂಯೆಜ್ ಕಾಲುವೆ ಇತ್ತಲ್ಲ, ಇಂಡಿಯಾಕ್ಕೆ ಹೋಗುವ ದಾರಿ! ಈಜಿಪ್ಟ್ ಮಾಡಿದ್ದ ಸಾಲದ ವಸೂಲಿ ಬೇರೆ ಇತ್ತು. 1887ರಲ್ಲಿ ಮೂರು ವರ್ಷದಲ್ಲಿ ಹೊರಡುವ ಕರಾರು ಕಾಗದದ ಮೇಲೆ ಬಂತು. ಬೇಕೆಂದಾಗ ಮತ್ತೆ ಬರುವ ಹಕ್ಕು ನಮಗಿರಬೇಕು ಅಂತ ಅದರಲ್ಲೇ ಒಂದು ಕಲಮು. ಫ್ರಾನ್ಸ್, ರಷ್ಯಾ ಒತ್ತಡ ಹಾಕಿ, ಈಜಿಪ್ಟಿಗೆ ಹೆಸರಿಗೆ ಒಡೆಯನಾಗಿದ್ದ ತುರ್ಕಿಯ ಸುಲ್ತಾನ ಅದಕ್ಕೆ ಒಪ್ಪದ ಹಾಗೆ ಮಾಡಿದವು.

1922ರಲ್ಲಿ ‘ಸ್ವಾತಂತ್ರ್ಯ’ ಕೊಟ್ಟರು. ಆದರೆ ಕಾಲುವೆಯ ದಾರಿ, ರಕ್ಷಣೆ, ವಿದೇಶಿಯರ ಹಿತ, ಸುಡಾನ್ ಈ ನಾಲ್ಕನ್ನು ತಮ್ಮಲ್ಲೇ ಇಟ್ಟುಕೊಂಡರು. ಉಳಿದದ್ದು ಏನು ಅಂತ ಕೇಳಬೇಡಿ. 1942ರ ಫೆಬ್ರವರಿಯಲ್ಲಿ, ಅಂದರೆ ‘ಸ್ವತಂತ್ರ’ವಾಗಿ ಇಪ್ಪತ್ತು ವರ್ಷವಾದ ಮೇಲೆ, ಪ್ರಧಾನಿ ಯಾರಾಗಬೇಕು ಅನ್ನುವ ವಿಷಯಕ್ಕೆ ಬ್ರಿಟಿಷ್ ಟ್ಯಾಂಕುಗಳು ರಾಜನ ಅರಮನೆಯನ್ನೇ ಸುತ್ತುವರಿದವು. ಕೊನೆಯ ಸೈನಿಕ ಹೋದದ್ದು 1956ರ ಜೂನ್‌ನಲ್ಲಿ. ಬಂದು 74 ವರ್ಷವಾಗಿತ್ತು. ಅದೇ ನವೆಂಬರ್‌ನಲ್ಲಿ ಸೂಯೆಜ್ ಗಲಾಟೆಗೆ ಮತ್ತೆ ಬಂದು ಇಳಿದರು!

ಪ್ರಶ್ನೆ: 1990ರಲ್ಲಿ ಅಪ್ಪ ಕುವೈತ್‌ನಲ್ಲಿದ್ದರು. ಇರಾಕಿನ ಸೈನ್ಯ ಎರಡು ಮೂರು ದಿನದಲ್ಲಿ ವಾಪಸ್ ಹೋಗುತ್ತೆ ಅಂತ ಸುದ್ದಿ ಇತ್ತು ಅನ್ನುತ್ತಾರೆ. ನಿಜವಾ, ಬರೀ ಗಾಳಿಮಾತಾ?
— ಓದುಗರು, ಕುಂದಾಪುರ

ಉತ್ತರ: ನಿಮ್ಮ ಅಪ್ಪ ಹೇಳಿದ್ದು ನಿಜ. ಆಗಸ್ಟ್ 2ಕ್ಕೆ ಸೈನ್ಯ ನುಗ್ಗಿತು. ಕುವೈತಿನ ಕ್ರಾಂತಿಕಾರಿಗಳೇ ನಮ್ಮನ್ನು ಕರೆದರು, ಆಗಸ್ಟ್ 5ರಿಂದ ಹಿಂದಕ್ಕೆ ಹೋಗುತ್ತೇವೆ ಅಂತ ಬಾಗ್ದಾದ್ ಅಧಿಕೃತವಾಗಿ ಸಾರಿತು. ಅಲಾ ಹುಸೇನ್ ಅನ್ನುವ ಅಧಿಕಾರಿಯ ಹೆಸರಲ್ಲಿ ಒಂದು ‘ಸ್ವತಂತ್ರ ಸರ್ಕಾರ’ವನ್ನೂ ತೋರಿಸಿದರು. ಆಗಸ್ಟ್ 8ಕ್ಕೆ ಕುವೈತನ್ನೇ ಇರಾಕಿಗೆ ಸೇರಿಸಿಕೊಂಡರು. ತಿಂಗಳ ಕೊನೆಗೆ ಅದು ಇರಾಕಿನ 19ನೇ ಪ್ರಾಂತ್ಯವಾಯಿತು. ಆ ಮಾತಿನ ಆಯಸ್ಸು ಒಂದು ವಾರವೂ ಅಲ್ಲ. ನಿಮ್ಮ ಅಪ್ಪ ಅಮ್ಮಾನ್‌ವರೆಗೆ ಹೋಗಿ ಏರ್ ಇಂಡಿಯಾ ವಿಮಾನದಲ್ಲಿ ಬಂದಿರಬೇಕು. ಆಗ ಸುಮಾರು 1,70,000 ಭಾರತೀಯರನ್ನು ಕರೆತಂದರು. ಅವರ ನೆನಪುಗಳನ್ನು ಬರೆಸಿಡಿ.

ಪ್ರಶ್ನೆ: ಹಾಗಾದರೆ ಯಾರೂ ಮಾತು ಉಳಿಸಿಕೊಂಡಿಲ್ಲವೇ?
— ಗೃಹಿಣಿ, ದಾವಣಗೆರೆ

ಉತ್ತರ: ಇದ್ದಾರೆ ಮೇಡಂ. 1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. 1972ರ ಮಾರ್ಚ್ 12ಕ್ಕೆ ಭಾರತದ ಸೈನ್ಯ ಅಲ್ಲೇ ಬೀಳ್ಕೊಡುಗೆಯ ಕವಾಯತು ಮಾಡಿತು. ನಮ್ಮ ದೇಶ ಅಂತ ಹೊಗಳುತ್ತಿಲ್ಲ. ಅಧಿಕಾರ ತೆಗೆದುಕೊಳ್ಳಲು ಅಲ್ಲಿ ಆಗಲೇ ಒಂದು ಸರ್ಕಾರ ತಯಾರಿತ್ತು, ಮುಜಿಬುರ್ ರಹಮಾನ್‌ರಂಥ ನಾಯಕರಿದ್ದರು. ಭಾರತೀಯ ಸೈನ್ಯ ಅಲ್ಲಿರುವಷ್ಟು ದಿನ ಬೇರೆ ದೇಶಗಳು ಬಾಂಗ್ಲಾದೇಶವನ್ನು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುತ್ತವೆ ಅನ್ನುವುದೂ ಇಬ್ಬರಿಗೂ ಗೊತ್ತಿತ್ತು.

ಫಿಲಿಪೀನ್ಸ್ ಇನ್ನೊಂದು. ಸ್ಥಿರ ಸರ್ಕಾರ ಬಂದ ಕೂಡಲೇ ಸ್ವಾತಂತ್ರ್ಯ ಅಂತ 1916ರಲ್ಲಿ ಅಮೆರಿಕ ಹೇಳಿತು. ಅದರಿಂದ ಏನೂ ಆಗಲಿಲ್ಲ. 1934ರಲ್ಲಿ ಹತ್ತು ವರ್ಷದ ಗಡುವು ಹಾಕಿ ಕಾನೂನು ಮಾಡಿದರು. ನಡುವೆ ಮಹಾಯುದ್ಧ ಬಂದರೂ 1946ರ ಜುಲೈ 4ಕ್ಕೆ ಸ್ವಾತಂತ್ರ್ಯ ಕೊಟ್ಟರು. ಸುಬಿಕ್ ನೌಕಾನೆಲೆ ಬಿಟ್ಟದ್ದು ಮಾತ್ರ 1992ಕ್ಕೆ.

ಪ್ರಶ್ನೆ: ಮೈಸೂರು ಸಂಸ್ಥಾನವನ್ನೂ ಬ್ರಿಟಿಷರು ಕಿತ್ತುಕೊಂಡು ವಾಪಸ್ ಕೊಟ್ಟರಲ್ಲ, ಅದೂ ಇದೇ ಸಾಲಿಗೆ ಬರುತ್ತದೆಯೇ?
— ಓದುಗರು, ಬೆಂಗಳೂರು ಫ್ರೇಜರ್ ಟೌನ್

ಉತ್ತರ: ಪೂರ್ತಿ ಬರುವುದಿಲ್ಲ, ಆದರೆ ಹೋಲಿಕೆ ಜೋರಾಗಿದೆ. ಸೈನ್ಯ ನುಗ್ಗಿದ್ದು 1799ರಲ್ಲಿ, ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ. ಆಗ ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗಾದಿಯ ಮೇಲೆ ಕೂರಿಸಿದರು. ವರ್ಷಕ್ಕಿಷ್ಟು ಅಂತ ಹಣ ಕಟ್ಟಬೇಕು, ಅದಕ್ಕೆ ತೊಂದರೆ ಬಂದರೆ ಆಡಳಿತ ನಾವೇ ತೆಗೆದುಕೊಳ್ಳಬಹುದು ಅಂತ ಒಪ್ಪಂದದಲ್ಲೇ ಬರೆಸಿಕೊಂಡಿದ್ದರು. ನಗರ (ಬಿದನೂರು) ಸೀಮೆಯ ರೈತರ ದಂಗೆಯ ನೆಪ ಸಿಕ್ಕಿದಾಗ 1831ರಲ್ಲಿ ಅದನ್ನೇ ಬಳಸಿದರು. ಮುಮ್ಮಡಿಯವರು ಅರ್ಜಿ ಮೇಲೆ ಅರ್ಜಿ ಹಾಕಿದರು. ದತ್ತುಪುತ್ರ ಪ್ರಾಯಕ್ಕೆ ಬಂದ ಮೇಲೆ ಕೊಡುತ್ತೇವೆ ಅನ್ನುವ ಮಾತು ಲಂಡನ್ನಿನಿಂದ ಬಂದದ್ದು 1867ರಲ್ಲಿ. ಮರುವರ್ಷ ಅವರು ತೀರಿಕೊಂಡರು.

ಮಾತು ಉಳಿಯಿತು. 1881ರ ಮಾರ್ಚ್ 25ಕ್ಕೆ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಬಂತು, ರಂಗಾಚಾರ್ಲು ದಿವಾನರಾದರು. ಆದರೆ ಆ ಹಸ್ತಾಂತರ ಪತ್ರವನ್ನು ಓದುವಾಗ ನನಗೆ ಬ್ರೆಮರ್ ನೆನಪಾಗುತ್ತಾರೆ. ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಮಹಾರಾಜರು ಬದಲಿಸುವಂತಿಲ್ಲ. ಕಪ್ಪವನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸುವ ಕರಾರೂ ಆಯಿತು. ನೀವಿರುವ ಫ್ರೇಜರ್ ಟೌನ್ ಸೇರಿ ಇಡೀ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆ ಮಹಾರಾಜರದು, ದಂಡು ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರದು. ಆ ದಂಡನ್ನು ಅವರು ಮೈಸೂರಿಗೆ ಬಿಟ್ಟುಕೊಟ್ಟದ್ದು 1947ರ ಜುಲೈ ಕೊನೆಯಲ್ಲಿ. ಇಂಡಿಯಾ ಬಿಡಲು ಆಗ ಮೂರು ವಾರವೂ ಉಳಿದಿರಲಿಲ್ಲ.