ಸಣ್ಣ ಬೈಕಿಗೆ ಕ್ಯಾನ್ ಕಟ್ಟಬೇಕಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನನ್ನದು ನೂರು ಸೀಸಿ ಬೈಕು, 9.8 ಲೀಟರ್ ಟ್ಯಾಂಕು. ಶಿರಸಿಯಿಂದ ಯಲ್ಲಾಪುರ, ದಾಂಡೇಲಿ, ಜೋಯಿಡಾ, ಅಣಶಿ ಘಟ್ಟ ಇಳಿದು ಕಾರವಾರ. ಅಲ್ಲಿಂದ ಅಂಕೋಲಾ, ಕುಮಟಾ, ದೇವಿಮನೆ ಘಟ್ಟ ಹತ್ತಿ ವಾಪಸ್ ಮನೆ. ಇದು ಪ್ಲಾನು. ನಡುವೆ ಬರೀ ಕಾಡು. ಐದು ಲೀಟರಿನ ಕ್ಯಾನನ್ನು ಲೆಗ್ ಗಾರ್ಡಿಗೆ ಕಟ್ಟಿಸೋಣ ಅಂತಿದ್ದೇನೆ. ಗೆಳೆಯ ಮಾತ್ರ ನೀರಿನ ಬಾಟಲಿಯಲ್ಲಿ ಎರಡು ಲೀಟರ್ ಹಿಡ್ಕೊಂಡ್ರೆ ಸಾಕು ಅಂತಾನೆ. ಯಾವುದು ಸರಿ?
(ಶಿರಸಿ ಕಡೆಯ ಓದುಗರು)

ಉತ್ತರ: ಎರಡೂ ಬೇಡ ಮಾರಾಯ್ರೇ. ಮೊದಲು ಲೆಕ್ಕ ಹಾಕಿ.

ನೀವು ಹೇಳಿದ ಸುತ್ತು ಹೆಚ್ಚುಕಡಿಮೆ ಮುನ್ನೂರೈವತ್ತು ಕಿಲೋಮೀಟರ್. ನೂರು ಸೀಸಿ ಬೈಕು ಊರಲ್ಲಿ ಅರವತ್ತು ಕೊಟ್ಟರೆ, ಘಟ್ಟ ಹತ್ತಿ ಇಳಿದು, ಬ್ಯಾಗು ಹೊತ್ತುಕೊಂಡು, ಆಗಾಗ ಸೆಕೆಂಡ್ ಗೇರಿಗೆ ಬಂದರೂ ಐವತ್ತು ಕೊಡುತ್ತದೆ. ಒಂಬತ್ತು ಲೀಟರ್ ಅಂತಲೇ ಹಿಡಿಯಿರಿ, 450 ಕಿಲೋಮೀಟರ್ ಆಯ್ತು. ಅಂದ್ರೆ ಶಿರಸಿಯಲ್ಲಿ ಫುಲ್ ಮಾಡಿಸಿದರೆ ಎಲ್ಲೂ ನಿಲ್ಲಿಸದೆ ಮನೆಗೇ ಬರಬಹುದು! ಅಷ್ಟೂ ಬೇಡ, ದಾಂಡೇಲಿಯಲ್ಲಿ ಒಮ್ಮೆ ಟ್ಯಾಂಕ್ ತುಂಬಿಸಿ. ಅಲ್ಲಿಂದ ಕಾರವಾರಕ್ಕೆ ನೂರು ಕಿಲೋಮೀಟರ್ ಚಿಲ್ಲರೆ. ನಡುವೆ ಎಲ್ಲೋ ಬಂಕ್ ಸಿಗುತ್ತದೆ ಅಂತ ನಂಬಿಕೊಂಡು ಅರ್ಧ ಟ್ಯಾಂಕಲ್ಲಿ ಹೊರಡಬೇಡಿ, ಅಷ್ಟೇ. ದೊಡ್ಡ ಬೈಕಿನವರು ಅಕ್ಕಪಕ್ಕ ಕ್ಯಾನ್ ಕಟ್ಟಿಕೊಂಡು ಹೋಗುವ ವಿಡಿಯೋ ನೋಡಿ ನಮಗೂ ಬೇಕು ಅನಿಸುವುದು ಸಹಜ. ಆದರೆ ಅವರು ಲಡಾಖಿನಲ್ಲಿರುತ್ತಾರೆ, ಅವರ ಬೈಕು ಲೀಟರಿಗೆ ಇಪ್ಪತ್ತೈದೋ ಮೂವತ್ತೋ ಕೊಡುತ್ತಿರುತ್ತದೆ. ನಿಮ್ಮದು ಅದರ ಎರಡು ಪಟ್ಟು ಕೊಡುತ್ತದೆ ಅಲ್ವಾ?

ಒಂದು ವಿಷಯ ಮಾತ್ರ ಗಮನಿಸಿ. ಹಳೇ ಕಾರ್ಬ್ಯುರೇಟರ್ ಬೈಕಿನಲ್ಲಿ ಪೆಟ್ರೋಲ್ ಮುಗೀತಾ ಬಂದಾಗ ಕೆಮ್ಮಿಕೊಂಡು ನಿಲ್ಲುತ್ತಿತ್ತು, ಕಾಕ್ ತಿರುಗಿಸಿ ರಿಸರ್ವಿಗೆ ಹಾಕಿದರೆ ಮತ್ತೆ ಓಡುತ್ತಿತ್ತು. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲೆ ಬಹುತೇಕ ಎಲ್ಲದಕ್ಕೂ ಫ್ಯೂಯಲ್ ಇಂಜೆಕ್ಷನ್. ಅದರಲ್ಲಿ ಕಾಕೂ ಇಲ್ಲ, ರಿಸರ್ವೂ ಇಲ್ಲ. ಮೀಟರಿನ ಕೊನೇ ಗೆರೆ ಮಿನುಗಲು ಶುರುವಾಯ್ತು ಅಂದ್ರೆ ಅದೇ ರಿಸರ್ವು. ಪೂರ್ತಿ ಖಾಲಿಯಾಗುವವರೆಗೆ ಓಡಿಸಬೇಡಿ. ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ, ಅದನ್ನು ತಣ್ಣಗಿಡುವುದೂ ಅದೇ ಪೆಟ್ರೋಲು. ಒಣಗಿದ ಟ್ಯಾಂಕಲ್ಲಿ ಪದೇಪದೇ ಸೆಲ್ಫ್ ಹೊಡೆದರೆ ಪಂಪಿಗೆ ಪೆಟ್ಟು.

ಹಾಗಾದರೆ ಕ್ಯಾನ್ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ನಾಲ್ಕು ಲೀಟರ್ ಟ್ಯಾಂಕಿನ ಎಕ್ಸ್ಎಲ್ ಮೊಪೆಡ್ ಇಟ್ಟುಕೊಂಡು ಒಳಹಳ್ಳಿಯಿಂದ ಪೇಟೆಗೆ ಓಡಾಡುವವರಿಗೆ ಬೇಕಾಗಬಹುದು. ಮಳೆಗಾಲದಲ್ಲಿ ದಾರಿಯೇ ಮುಚ್ಚಿಹೋಗುವುದೂ ಉಂಟು. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು, ಜನ ಊರೆಲ್ಲ ಸುತ್ತು ಹಾಕಬೇಕಾಯ್ತು. ಅಂಥ ಹೊತ್ತಿಗೆ ಒಂದೆರಡು ಲೀಟರ್ ಜೊತೆಗಿದ್ದರೆ ಧೈರ್ಯ. ಆದರೆ ಎರಡು ಲೀಟರ್ ಅಂದ್ರೆ ನೂರು ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಯಾಕೆ?

ಈಗ ಬಾಟಲಿ ವಿಷಯ. ನಿಮ್ಮ ಗೆಳೆಯರಿಗೆ ಹೇಳಿ, ನೀರಿನ ಬಾಟಲಿ ಖಂಡಿತ ಬೇಡ. ಪೆಟ್ರೋಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಕಾರವಾರದ ಏಪ್ರಿಲ್ ಬಿಸಿಲಲ್ಲಿ ಕೇಳಬೇಕಾ? ಬಾಟಲಿ ಉಬ್ಬುತ್ತದೆ, ಮುಚ್ಚಳದ ಸಂದಿಯಿಂದ ಆವಿ ಬರುತ್ತದೆ. ಆ ಆವಿ ಗಾಳಿಗಿಂತ ಭಾರ, ಹಾರಿಹೋಗದೆ ಬ್ಯಾಗಿನ ತಳದಲ್ಲೇ ಕೂರುತ್ತದೆ. ಅದರ ಪಕ್ಕದಲ್ಲೇ ಹಿಂದಿನ ಲೈಟಿನ ವಯರು, ಇನ್ನೊಂದು ಪಕ್ಕ ಸೈಲೆನ್ಸರು. ಕ್ಯಾನನ್ನೂ ಗಂಟಲುಮಟ್ಟ ತುಂಬಿಸಬಾರದು. ಐದು ಲೀಟರ್ ಪೆಟ್ರೋಲು ಇಪ್ಪತ್ತು ಡಿಗ್ರಿ ಬಿಸಿಯಾದರೆ ಸುಮಾರು ನೂರು ಎಂಎಲ್ ಹಿಗ್ಗುತ್ತದೆ. ಆ ನೂರು ಎಂಎಲ್‌ಗೆ ಜಾಗ ಇಲ್ಲದಿದ್ದರೆ ಅದು ಮುಚ್ಚಳದಿಂದಲೇ ಹೊರಗೆ ಬರಬೇಕು. ಇಪ್ಪತ್ತರಲ್ಲಿ ಒಂದು ಪಾಲಾದರೂ ಖಾಲಿ ಬಿಡಿ.

ಕಾನೂನು ಏನನ್ನುತ್ತದೆ? ಮಾರಾಟಕ್ಕಲ್ಲದೆ ಸ್ವಂತಕ್ಕೆ ಅಂತಾದರೆ ಒಬ್ಬರು ಮೂವತ್ತು ಲೀಟರಿನವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, 1934ರ ಪೆಟ್ರೋಲಿಯಂ ಕಾಯ್ದೆಯಲ್ಲೇ ಇದೆ. ಆದರೆ ಒಂದು ಲೀಟರಿಗಿಂತ ದೊಡ್ಡ ಡಬ್ಬಿ ಅಂದ್ರೆ ಅದು ಪೆಸೊ (ಪೆಟ್ರೋಲು, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿದ ಮಾದರಿಯದ್ದಾಗಿರಬೇಕು. ಹಾಗಾಗಿ ಬಂಕಿನ ಹುಡುಗ ಎಣ್ಣೆ ಡಬ್ಬಿಗೆ ಹಾಕೋದಿಲ್ಲ ಅಂದರೆ ಅವನ ಮೇಲೆ ರೇಗಬೇಡಿ, ಅವನು ಹೇಳಿದ್ದು ಸರಿ. ಇನ್ನು ಬಸ್ಸಲ್ಲಿ, ರೈಲಲ್ಲಿ ಪೆಟ್ರೋಲ್ ಕ್ಯಾನ್ ತರುವಂತೆಯೇ ಇಲ್ಲ.

ಕ್ಯಾನು ತುಂಬಿಸುವಾಗ ಬೈಕಿನ ಮೇಲಿಟ್ಟು ತುಂಬಿಸಬೇಡಿ. ಕೆಳಗಿಳಿಸಿ, ನೆಲದ ಮೇಲಿಡಿ, ನಾಜಲ್ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನ ಹಾಕಿಸಿ. ಪೆಟ್ರೋಲು ರಭಸದಿಂದ ಹರಿಯುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ನೆಲದ ಮೇಲಿದ್ದರೆ ಅದು ಇಳಿದುಹೋಗುತ್ತದೆ, ಸೀಟಿನ ಮೇಲೆ ರೆಕ್ಸಿನ್ನಿಗೆ ಅಂಟಿಕೊಂಡಿದ್ದರೆ ಕಿಡಿಯಾಗಿ ಹಾರಬಹುದು.

ಎಲ್ಲಿ ಕಟ್ಟುವುದು? ಲೆಗ್ ಗಾರ್ಡಿಗೆ ಮಾತ್ರ ಬೇಡ. ಬೈಕು ಬಿದ್ದರೆ ಮೊದಲು ನೆಲಕ್ಕೆ ತಾಗುವುದೇ ಅದು, ಪಕ್ಕದಲ್ಲೇ ಇಂಜಿನ್ನಿನಿಂದ ಇಳಿಯುವ ಸೈಲೆನ್ಸರ್ ಬೆಂಡು. ತೀರಾ ಹಿಂದೆ, ಕ್ಯಾರಿಯರಿನ ತುದಿಗೂ ಬೇಡ. ಹಿಂದಿನ ಚಕ್ರದ ಆಚೆ ಭಾರ ಬಿದ್ದಷ್ಟೂ ಮುಂದಿನ ಚಕ್ರ ಹಗುರವಾಗುತ್ತದೆ. ದೇವಿಮನೆಯ ತಿರುವಿನಲ್ಲಿ ಹ್ಯಾಂಡಲ್ ಮಾತು ಕೇಳದಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಒಬ್ಬರೇ ಹೋಗುವುದಾದರೆ ಹಿಂದಿನ ಸೀಟಿನ ಮೇಲೆ ನಟ್ಟನಡುವೆ, ನಿಮ್ಮ ಬೆನ್ನಿಗೆ ಹತ್ತಿರ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಹಾಲಿನ ಕ್ಯಾನಿಗೆ ಕಟ್ಟುವ ಹಳೇ ಟ್ಯೂಬಿನ ಪಟ್ಟಿ ಇದೆಯಲ್ಲ, ಅದನ್ನು ಅಡ್ಡ ಒಂದು, ಉದ್ದ ಒಂದು ಹಾಕಿ ಬಿಗಿದರೆ ಜಗ್ಗಾಡುವುದಿಲ್ಲ. ಕೊಕ್ಕೆ ಇರುವ ರಬ್ಬರ್ ಹಗ್ಗ ಒಂದನ್ನೇ ನಂಬಬೇಡಿ. ಹಿಂದೆ ಜನ ಕೂರುತ್ತಾರೆ ಅಂದ್ರೆ ಕ್ಯಾನ್ ವಿಚಾರ ಅಲ್ಲಿಗೆ ಬಿಡಿ.

ಉಳಿದ ಪೆಟ್ರೋಲನ್ನು ಮನೆಗೆ ಬಂದ ತಕ್ಷಣ ಟ್ಯಾಂಕಿಗೆ ಸುರಿದುಬಿಡಿ. ಮುಂದಿನ ಸಲಕ್ಕೆ ಇರಲಿ ಅಂತ ಕೊಟ್ಟಿಗೆಯಲ್ಲಿ ಇಡಬೇಡಿ. ಈಗ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್, ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿ ಹೇಗಿರುತ್ತದೆ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ತಳಕ್ಕಿಳಿದು ಬೇರೆಯಾಗಿ ನಿಲ್ಲುತ್ತದೆ, ಪಂಪು ಮೊದಲು ಎಳೆಯುವುದೂ ತಳದ್ದನ್ನೇ. ಇದೇ ಕಾರಣಕ್ಕೆ ಮಳೆಗಾಲ ಶುರುವಾಗುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಸುತ್ತಲಿನ ತಗ್ಗು ನೋಡಿ. ಅಲ್ಲೊಂದು ಸಣ್ಣ ತೂತು ಇರುತ್ತದೆ, ಬಿದ್ದ ಮಳೆನೀರು ಕೆಳಗಿಳಿದು ಹೋಗಲಿಕ್ಕೆ. ಕೆಂಪು ಧೂಳು ಕಟ್ಟಿಕೊಂಡು ಅದು ಮುಚ್ಚಿಹೋದರೆ ನೀರು ಅಲ್ಲೇ ನಿಂತು, ರಬ್ಬರಿನ ಸಂದಿಯಿಂದ ಟ್ಯಾಂಕಿಗೇ ಇಳಿಯುತ್ತದೆ. ತೆಳ್ಳಗಿನ ವಯರು ತೂರಿಸಿ ಬಿಡಿಸಿಕೊಳ್ಳಿ, ಎರಡು ನಿಮಿಷದ ಕೆಲಸ.

ಪ್ರಶ್ನೆ: ನೈಟ್ ಶಿಫ್ಟ್ ಮುಗಿಸಿ ಕೈಗಾ ರಸ್ತೆಯಲ್ಲಿ ಬರುತ್ತೇನೆ. ಮಂಜು, ಮಳೆ, ಎದುರಿಗೆ ದನ. 125 ಸೀಸಿ ಬೈಕಿಗೆ ಎರಡು ಫಾಗ್ ಲೈಟು, ಮೊಬೈಲ್ ಚಾರ್ಜರ್, ಜೋರು ಹಾರ್ನ್ ಹಾಕಿಸಿದರೆ ಬ್ಯಾಟರಿ ತಡೆಯುತ್ತದಾ?
(ಕಾರವಾರದ ಓದುಗರು)

ಉತ್ತರ: ಲೈಟು ನಿಮಗೆ ನಿಜವಾಗಿ ಬೇಕು, ಹಾಕಿಸಿ. ಆದರೆ ಸಣ್ಣ ಬೈಕಿನ ಕರೆಂಟು ಅಳೆದು ತೂಗಿ ಕೊಟ್ಟಿದ್ದು. ಇಪ್ಪತ್ತು ವಾಟಿನ ಎರಡು ಲೈಟು ಅಂದ್ರೆ ನಲವತ್ತು ವಾಟು, ಹೆಚ್ಚುಕಡಿಮೆ ಇನ್ನೊಂದು ಹೆಡ್‌ಲೈಟು ಇದ್ದ ಹಾಗೆ. ಇಂಥ ಬೈಕುಗಳ ಬ್ಯಾಟರಿ ಮೂರರಿಂದ ಐದು ಆಂಪಿಯರ್-ಅವರ್ ಇರುತ್ತದೆ. ಮೂರರದ್ದು ಅಂದರೆ, ಹನ್ನೆರಡು ವೋಲ್ಟಿಗೆ ಗುಣಿಸಿದರೆ ಒಟ್ಟು ಮೂವತ್ತಾರು ವಾಟ್-ಅವರ್. ಇಂಜಿನ್ ನಿಲ್ಲಿಸಿ ಫಾಗ್ ಲೈಟು ಉರಿಸಿಟ್ಟರೆ ಒಂದು ಗಂಟೆಯೊಳಗೆ ಬ್ಯಾಟರಿ ಮಲಗಿತು. ಐಡಲಿನಲ್ಲಿ ನಿಂತಾಗಲೂ ಚಾರ್ಜ್ ಸರಿಯಾಗಿ ಆಗುವುದಿಲ್ಲ. 2017ರಿಂದ ಬಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟು ಹಗಲೂ ಉರಿಯಲೇಬೇಕು, ಆ ಖರ್ಚು ಬೇರೆ ಇದೆ. ಹತ್ತು-ಹನ್ನೆರಡು ವಾಟಿನ ಎಲ್ಇಡಿ ಜೋಡಿ ಸಾಕು.

ಮಂಜಿಗೆ ಎಷ್ಟು ಜೋರು ಅನ್ನುವುದಕ್ಕಿಂತ ಎಲ್ಲಿ ಹಾಕಿದ್ದೀರಿ ಅನ್ನುವುದು ಮುಖ್ಯ. ಕೆಳಗೆ, ಲೆಗ್ ಗಾರ್ಡಿನಲ್ಲಿ, ನೆಲ ನೋಡುವ ಹಾಗೆ ಇರಲಿ. ಕನ್ನಡಿ ಹತ್ತಿರ ಎತ್ತರಕ್ಕೆ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ, ಎದುರಿನವನಿಗೂ ಕುರುಡು.

ವಯರಿಂಗ್ ಮಾಡುವವರ ಪಕ್ಕದಲ್ಲಿ ನಿಂತು ನೋಡಿ. ಹೆಡ್‌ಲೈಟಿನ ವಯರು ಸಿಪ್ಪೆ ತೆಗೆದು ಸುತ್ತಿ, ಕಪ್ಪು ಟೇಪು ಹಚ್ಚಿ ಕೊಟ್ಟರೆ ಒಪ್ಪಬೇಡಿ. ವಾರಂಟಿಯೂ ಹೋಯ್ತು, ಒಂದು ಮಳೆಗಾಲಕ್ಕೆ ಟೇಪಿನೊಳಗೆ ತಾಮ್ರ ಹಸಿರಾಯ್ತು. ಬ್ಯಾಟರಿಯಿಂದ ನೇರ ಒಂದು ಲೈನು, ಬ್ಯಾಟರಿ ಹತ್ತಿರವೇ ಐದು ಆಂಪಿಯರ್ ಫ್ಯೂಸು, ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ), ಹ್ಯಾಂಡಲಿನಲ್ಲಿ ಸ್ವಿಚ್ಚು. ರಿಲೇ ಎಳೆಯುವ ಲೈನು ಕೀ ಆನ್ ಇದ್ದಾಗ ಮಾತ್ರ ಬರುವಂಥದ್ದಿರಲಿ, ಚಾರ್ಜರಿಗೂ ಹಾಗೆಯೇ. ಇಲ್ಲದಿದ್ದರೆ ರಾತ್ರಿಯಿಡೀ ಅದು ಸುಮ್ನೆ ಬ್ಯಾಟರಿ ಕುಡಿಯುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ, ವಯರು ಎಲ್ಲೂ ಬಿಗಿಯಬಾರದು, ಸಿಕ್ಕಿಕೊಳ್ಳಬಾರದು. ಕೊನೆಗೆ ಎಲ್ಲ ಲೈಟು ಹಾಕಿ, ರೇಸ್ ಸ್ವಲ್ಪ ಎತ್ತಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಸಿ. ಹದಿಮೂರೂವರೆ ವೋಲ್ಟಿನ ಮೇಲಿದ್ದರೆ ಒಳ್ಳೆಯದು. ಹದಿಮೂರಕ್ಕಿಂತ ಕೆಳಗೆ ಬಂದರೆ ಏನೋ ಒಂದನ್ನು ಬಿಚ್ಚಿ.

ಹಾರ್ನ್ ಮಾತ್ರ ಬದಲಿಸಬೇಡಿ. ರಾಗ ಹಾಡುವ ಹಾರ್ನ್ ಕಾನೂನಿಗೆ ವಿರುದ್ಧ, ದನಕ್ಕಂತೂ ಯಾವ ಹಾರ್ನೂ ಲೆಕ್ಕಕ್ಕಿಲ್ಲ.

ಪ್ರಶ್ನೆ: ಮೀನು ವ್ಯಾಪಾರ ನಮ್ಮದು. ಬೈಕಿನ ಹಿಂದೆ ಕ್ರೇಟಿಗೆ ಕ್ಯಾರಿಯರ್, ಅಕ್ಕಪಕ್ಕ ಬಾಕ್ಸ್ ಹಾಕಿಸಬೇಕು. ಸಾರಿ ಗಾರ್ಡ್ ತೆಗೆಸಿದರೆ ಜಾಗ ಆಗುತ್ತದೆ ಅಂತಾರೆ ಗ್ಯಾರೇಜಿನವರು. ತೆಗೆಸಲಾ?
(ಹೊನ್ನಾವರದ ಓದುಗರು)

ಉತ್ತರ: ತೆಗೆಸಬೇಡಿ. ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕು, ಹಿಂದೆ ಕೂತವರಿಗೆ ಹಿಡಿಕೆ ಇರಬೇಕು ಅಂತ ನಿಯಮವೇ ಇದೆ. ಹಾಗೇ ಬಾಕ್ಸಿಗೂ ಅಳತೆ ಇದೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಅದನ್ನು ಹಿಂದಿನ ಸೀಟಿನ ಜಾಗದಲ್ಲಿ ಕೂರಿಸಿದರೆ ಹಿಂದೆ ಜನ ಕೂರುವಂತಿಲ್ಲ. ಅನುಮತಿ ಇಲ್ಲದೆ ಬೈಕಿನ ರೂಪ ಬದಲಿಸಿದರೆ ಒಂದೊಂದು ಬದಲಾವಣೆಗೂ ಐದು ಸಾವಿರದವರೆಗೆ ದಂಡ ಬೀಳಬಹುದು.

ಭಾರದ ವಿಷಯ ಇನ್ನೂ ಮುಖ್ಯ. ಬೈಕಿನ ಪುಸ್ತಕದಲ್ಲಿ ಎಷ್ಟು ಹೊರಬಹುದು ಅಂತ ಬರೆದಿರುತ್ತದೆ. ನೂರು ಸೀಸಿಯ ಎಷ್ಟೋ ಬೈಕುಗಳಲ್ಲಿ ಅದು 130 ಕಿಲೋ ಆಸುಪಾಸು, ನಿಮ್ಮನ್ನೂ ಸೇರಿಸಿ. ನೀವು ಎಪ್ಪತ್ತು ಕಿಲೋ ಇದ್ದೀರಿ ಅಂತಿಟ್ಟುಕೊಳ್ಳಿ, ಉಳಿದದ್ದು ಅರವತ್ತು. ಕಬ್ಬಿಣದ ಕ್ಯಾರಿಯರು, ಲೆಗ್ ಗಾರ್ಡು, ಬಾಕ್ಸು ಸೇರಿ ಹದಿನೈದು ಕಿಲೋ ತಿಂದರೆ ಮೀನಿಗೂ ಐಸಿಗೂ ಸೇರಿ ನಲವತ್ತೈದು. ಐಸು ಎಷ್ಟು ಭಾರ ಅಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಅಕ್ಕಪಕ್ಕದ ಬಾಕ್ಸ್ ಕೈಬಿಟ್ಟು, ಒಂದೇ ಕ್ರೇಟನ್ನು ಸೀಟಿಗೆ ಒತ್ತಿ ಕೂರಿಸಿ. ಹಿಂದಿನ ಟಯರಿಗೆ ಇಬ್ಬರು ಕೂತಾಗಿನ ಗಾಳಿ ಹಾಕಿಸಿ, ಬೆಳಿಗ್ಗೆ ಟಯರು ತಣ್ಣಗಿರುವಾಗ.

ಆಮೇಲೆ ತುಕ್ಕು. ಕಡಲ ಗಾಳಿ ಒಂದು ಕಡೆ, ಕ್ರೇಟಿನಿಂದ ಸೋರುವ ಉಪ್ಪುನೀರು ಇನ್ನೊಂದು ಕಡೆ. ವೆಲ್ಡಿಂಗ್ ಮಾಡಿದ ಜಾಗದಲ್ಲೇ ಅದು ಮೊದಲು ತಿನ್ನುವುದು, ಪೈಪಿನ ಒಳಗಿಂದ. ಮೇಲೆ ಬಣ್ಣ ಫಳಫಳ, ಒಂದು ದಿನ ಕ್ಯಾರಿಯರು ಕೈಗೆ ಬರುತ್ತದೆ. ಪೈಪಿನ ತುದಿಗಳನ್ನು ಮುಚ್ಚಿಸಿ ವೆಲ್ಡ್ ಮಾಡಿಸಿ, ಕ್ರೇಟಿನ ನೀರು ಚೈನಿನ ಮೇಲೆ ಬೀಳದಂತೆ ಕೊಳವೆ ಹಾಕಿ ಕೆಳಗಿಳಿಸಿ, ದಿನಾ ವ್ಯಾಪಾರ ಮುಗಿದ ಮೇಲೆ ಬಾವಿ ನೀರಲ್ಲಿ ತೊಳೆಯಿರಿ.

ಪ್ರಶ್ನೆ: ಗೋವಾದಲ್ಲಿ ಪೆಟ್ರೋಲ್ ಅಗ್ಗ. ಬೈಕಲ್ಲಿ ಹೋಗಿ ಟ್ಯಾಂಕ್ ಫುಲ್ ಮಾಡಿಸಿ, ಕ್ಯಾನಿನಲ್ಲೂ ಐದು ಲೀಟರ್ ತಂದರೆ ಲಾಭ ಅಲ್ವಾ?
(ಕೋಡಿಬಾಗದ ಓದುಗರು)

ಉತ್ತರ: ಮಾಜಾಳಿ ದಾಟಿ ಗೋವಾ ಗಡಿಯ ಪೊಳೆಂಗೆ ಹೋಗಿ ಬರಲು ಸುಮಾರು ಮೂವತ್ತು ಕಿಲೋಮೀಟರ್, ಅಂದ್ರೆ ಅರ್ಧ ಲೀಟರಿಗೂ ಮೇಲೆ. ಲೀಟರಿಗೆ ಹತ್ತು ರೂಪಾಯಿ ಉಳಿಯುತ್ತದೆ ಅಂತಲೇ ಹಿಡಿದರೂ ಕ್ಯಾನಿನ ಐದು ಲೀಟರಿಗೆ ಐವತ್ತು ರೂಪಾಯಿ. ಅದು ಹೋಗಿಬರುವ ದಾರಿಗೇ ಸರಿಹೋಯ್ತು. ಹೇಗೂ ಕಾಣಕೋಣ ಕಡೆ ಕೆಲಸ ಇದ್ದಾಗ ಬರುವಾಗ ಟ್ಯಾಂಕ್ ತುಂಬಿಸಿಕೊಂಡು ಬನ್ನಿ, ಕ್ಯಾನ್ ಬೇಡ.

ಟ್ಯಾಂಕಲ್ಲೂ ಅಗ್ಗ ಅಂತ ಬೈಕ್ ಅಲ್ಲಾಡಿಸಿ ಅಲ್ಲಾಡಿಸಿ ಮುಚ್ಚಳದವರೆಗೆ ಹಾಕಿಸಬೇಡಿ. ಬಿಎಸ್ 6 ಬೈಕಿನಲ್ಲಿ ಟ್ಯಾಂಕಿನ ಆವಿ ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದು ಇರುತ್ತದೆ. ಕತ್ತಿನವರೆಗೆ ತುಂಬಿಸಿ ಬಿಸಿಲಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಪೆಟ್ರೋಲು ಆ ಡಬ್ಬಿಗೇ ನುಗ್ಗುತ್ತದೆ, ಆಮೇಲೆ ಬೈಕು ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಡಬ್ಬಿ ಹೊಸದು ಹಾಕಿಸುವ ಖರ್ಚಿಗೆ ನೀವು ಎಷ್ಟು ಸಲ ಪೊಳೆಂಗೆ ಹೋಗಿ ಬರಬೇಕೋ ನೀವೇ ಲೆಕ್ಕ ಹಾಕಿ.