ಮಂಜೇಶ್ವರದಲ್ಲಿ 89 ಮತ ಅಂದರೆ ಎಷ್ಟು?

ಕೇರಳದೊಳಗಿನ ಕನ್ನಡದವರ ಓಟು ಯಾರಿಗೆ ಬೀಳುತ್ತದೆ ಎಂಬುದು ಘಟ್ಟದ ಮೇಲಿನವರ ಮಾಮೂಲಿ ಪ್ರಶ್ನೆ. ‘ಕನ್ನಡದ ಓಟು’ ಅಂತ ಒಂದು ಗಂಟು ಈಗ ಇಲ್ಲ, ಹಿಂದೆ ಇತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದ ಬಿಸಿ ಆರುವ ಮೊದಲೇ, 1957ರ ಚುನಾವಣೆಯಲ್ಲಿ, ಎಂ. ಉಮೇಶ ರಾವ್ ಕರ್ನಾಟಕದ ಗಡಿಗೆ ತಾಗಿದ ಮಂಜೇಶ್ವರ ವಿಧಾನಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ಅವಿರೋಧ ಆಯ್ಕೆಯಾದರು. ಆಮೇಲೆ ಕೆ. ಮಹಾಬಲ ಭಂಡಾರಿ. 1970ರಿಂದ ಸಿಪಿಐಯ ಎಂ. ರಾಮಪ್ಪ, ಡಾ. ಎ. ಸುಬ್ಬರಾವ್ ಬಂದರು, ಗಡಿಯ ವಿಷಯ ಹಿಂದೆ ಸರಿದು ಪಕ್ಷದ ಲೆಕ್ಕ ಮುಂದೆ ಬಂತು. 1987ರಿಂದ ಸತತ ನಾಲ್ಕು ಸಲ ಗೆದ್ದವರು ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ. 2006ರಲ್ಲಿ ಸಿಪಿಎಂನ ಸಿ.ಎಚ್. ಕುಂಞಂಬು ಆ ಸರಣಿ ಮುರಿದರು.

ಇಲ್ಲಿಯ ಲೆಕ್ಕ ತಿಳಿಯಬೇಕಾದರೆ ಪಿ.ಬಿ. ಅಬ್ದುಲ್ ರಜಾಕ್ ಅವರ ಎರಡು ಗೆಲುವು ನೋಡಿದರೆ ಸಾಕು. ಊರಿನವರ ಬಾಯಲ್ಲಿ ‘ರದ್ದುಚ್ಚ’. 2011ರಲ್ಲಿ ಲೀಗಿನಿಂದ ನಿಂತು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು 5,828 ಮತಗಳಿಂದ ಸೋಲಿಸಿದರು. 2016ರಲ್ಲಿ ಮತ್ತೆ ಅವರಿಬ್ಬರೇ ಎದುರುಬದುರು: 56,870 ಮತ್ತು 56,781. ಅಂತರ 89. ಸೋಲುಗೆಲುವು ನಿಂತದ್ದು ಈ ಎರಡು ಅಂಕೆಗಳ ಮೇಲೆ ಮಾತ್ರ ಅಲ್ಲ, ಮೂರನೆಯದರ ಮೇಲೆ: ಕುಂಞಂಬು ಅವರಿಗೆ ಬಿದ್ದ 42,565. ಕೇರಳದ ಬೇರೆ ಕಡೆ ಸಿಪಿಎಂ ಮುಂದಾಳತ್ವದ ಎಡರಂಗಕ್ಕೂ ಕಾಂಗ್ರೆಸ್–ಲೀಗಿನ ಐಕ್ಯರಂಗಕ್ಕೂ ಜಗ್ಗಾಟವಾದರೆ ಇಲ್ಲಿ ಬಿಜೆಪಿಯೂ ಸೇರಿ ಮೂರು ಎಳೆ. ಎಡದ ಓಟು ಒಂದು ಸಾವಿರ ಆಚೆ ಈಚೆ ಜಾರಿದರೂ ಫಲಿತಾಂಶ ಮಗುಚುತ್ತದೆ. ರಾಜ್ಯದ ಗಾಳಿ ನೋಡಿ ಮಂಜೇಶ್ವರದ ಭವಿಷ್ಯ ಹೇಳುವವರು ಎಡವುವುದು ಇಲ್ಲೇ.

ಇನ್ನೊಂದು ಸಣ್ಣ ಅಂಕೆಯೂ ಉಂಟು. ಅದೇ ವರ್ಷ ಕೆ. ಸುಂದರ ಎಂಬ ಅಭ್ಯರ್ಥಿ ಇದ್ದರು, ಅವರಿಗೆ 467 ಮತ. ‘ಸುಂದರ’ ಮತ್ತು ‘ಸುರೇಂದ್ರನ್’ ಹೆಸರು ಹತ್ತಿರಹತ್ತಿರ. ಚಿಹ್ನೆ ಬೇರೆ, ಆಗ ಭಾವಚಿತ್ರವೂ ಬಂದಿತ್ತು. ಆದ್ದರಿಂದ 467ರಲ್ಲಿ ಎಷ್ಟು ಮಂದಿ ತಪ್ಪಿ ಒತ್ತಿದರು ಎಂದು ಲೆಕ್ಕ ಹಾಕಿ ಹೇಳುವವರ ಮಾತು ಬರೀ ಊಹೆ. ಆದರೆ ಐದರಲ್ಲಿ ಒಬ್ಬ ತಪ್ಪಿದ್ದರೂ 89 ದಾಟುತ್ತದೆ ಎಂಬ ಗುಣಾಕಾರ ಇಲ್ಲಿಯ ಚಾದಂಗಡಿಗಳಲ್ಲಿ ಎಲ್ಲರಿಗೂ ಬಾಯಿಪಾಠ.

ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸತ್ತವರ ಮತ್ತು ಗಲ್ಫಿನಲ್ಲಿದ್ದವರ ಹೆಸರಲ್ಲಿ ಮತ ಬಿದ್ದಿದೆ ಎಂಬುದು ದೂರು. ಹೊರದೇಶದಲ್ಲಿರುವ ಮತದಾರ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ಮತಗಟ್ಟೆಗೆ ಸ್ವತಃ ಬಂದು ಅಸಲು ಪಾಸ್‌ಪೋರ್ಟ್ ತೋರಿಸಬೇಕು. ಅಂಚೆ ಮತ ಇಲ್ಲ. ಮನೆಗೊಬ್ಬರು ಗಲ್ಫಿನಲ್ಲಿರುವ ಊರಲ್ಲಿ ಹಳೆಯ ಪಟ್ಟಿ ಹಾಗೇ ಉಳಿದರೆ ಇಂಥ ತಕರಾರಿಗೆ ಎಡೆಯಾಗುತ್ತದೆ. ಸಾಬೀತು ಮಾಡುವುದು ಮಾತ್ರ ಬೇರೆ ಕತೆ: ಒಬ್ಬೊಬ್ಬರಿಗೂ ಸಮನ್ಸ್ ಹೋಗಬೇಕು. ಸತ್ತಿದ್ದಾರೆ ಎಂದು ಪಟ್ಟಿ ಮಾಡಿದ್ದ ಒಬ್ಬರ ಮನೆಗೆ ಸಮನ್ಸ್ ಹೋದಾಗ ಅದನ್ನು ತೆಗೆದುಕೊಂಡದ್ದು ಅವರೇ!

2018ರ ಅಕ್ಟೋಬರ್ 20ಕ್ಕೆ ರಜಾಕ್ ತೀರಿಕೊಂಡರು. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕೆಂಬ ನಿಯಮವೇನೋ ಇದೆ. ಆದರೆ ಸೋತವರು ‘ನಾನೇ ಗೆದ್ದವನೆಂದು ಘೋಷಿಸಿ’ ಎಂದು ಕೇಳಿದ ಅರ್ಜಿ ಬಾಕಿ ಇದ್ದರೆ ಸ್ಥಾನ ಖಾಲಿಯೋ ಅಲ್ಲವೋ ಎಂಬುದೇ ತೀರ್ಮಾನವಾಗಿರುವುದಿಲ್ಲ. 2019ರ ಲೋಕಸಭೆಗೆ ಓಟು ಹಾಕಿದಾಗಲೂ ವಿಧಾನಸಭೆಯ ಕುರ್ಚಿ ಖಾಲಿಯೇ. ಅರ್ಜಿ ವಾಪಸಾದ ಮೇಲೆ ಅಕ್ಟೋಬರ್ 21ಕ್ಕೆ ಮತದಾನ ನಡೆಯಿತು, ಲೀಗಿನ ಎಂ.ಸಿ. ಕಮರುದ್ದೀನ್ ಗೆದ್ದರು. ಒಂದು ವರ್ಷ ಎಂಟು ಪಂಚಾಯತಿಗಳಿಗೆ ಶಾಸಕರೇ ಇರಲಿಲ್ಲ.

ಶಾಸಕರಿಲ್ಲದಿದ್ದರೆ ಏನು ಕೆಡುತ್ತದೆ ಅಂತೀರಾ? ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಮಾಸ್ಟ್ರು ಬಂದರೆ ತಿರುವನಂತಪುರದಲ್ಲಿ ಕೇಳುವವರು ಬೇಕು. 2017ರಲ್ಲಿ ಹತ್ತನೇ ತರಗತಿಯವರೆಗೆ ಮಲಯಾಳ ಕಡ್ಡಾಯ ಎಂದಾಗ ಇಲ್ಲಿ ಗಲಾಟೆ ಎದ್ದದ್ದು ಅದೇ ಭಯಕ್ಕೆ. ದೊಡ್ಡ ಕಾಯಿಲೆಗೆ ನಮ್ಮ ಆಸ್ಪತ್ರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕ ದಾರಿ ಮುಚ್ಚಿದಾಗ ಎರಡೂ ಸರಕಾರಗಳ ಹತ್ತಿರ ಮಾತಾಡಬಲ್ಲವರ ಬೆಲೆ ಗೊತ್ತಾಯಿತು.

ಪ್ರಚಾರಕ್ಕೆ ಬರುವವರಿಗೂ ಭಾಷೆಯೇ ಪರೀಕ್ಷೆ. ವರ್ಕಾಡಿ, ಮೀಂಜದಲ್ಲಿ ತುಳು, ಉಪ್ಪಳ ಪೇಟೆಯಲ್ಲಿ ಉರ್ದು, ಎಣ್ಮಕಜೆಯ ತೋಟದ ಮನೆಗಳಲ್ಲಿ ಹವ್ಯಕ ಕನ್ನಡ, ಮರಾಠಿ. ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಕಡೆ ಬೆರಕೆ. ಬರೀ ಮಲಯಾಳದ ಕರಪತ್ರ ಹಂಚಿದರೆ ಅರ್ಧ ಮನೆಗಳಲ್ಲಿ ಓದುವವರಿಲ್ಲ. ಹಾಗಂತ ಕನ್ನಡ ಮಾತಾಡಿದ ಮಾತ್ರಕ್ಕೆ ಓಟು ಬೀಳುವುದೂ ಇಲ್ಲ. ಬಾಗಿಲು ತೆರೆಯುತ್ತದೆ, ಅಷ್ಟೆ.

2021ರಲ್ಲಿ ಸುರೇಂದ್ರನ್ ಮತ್ತೆ ನಿಂತರು. ಈ ಸಲ 745 ಮತಗಳಿಂದ ಗೆದ್ದವರು ಲೀಗಿನ ಎ.ಕೆ.ಎಂ. ಅಶ್ರಫ್, ವಿಧಾನಸಭೆಯಲ್ಲಿ ಪ್ರಮಾಣವಚನ ಓದಿದ್ದು ಕನ್ನಡದಲ್ಲಿ. ಸಿಪಿಎಂಗೆ ಬಿದ್ದದ್ದು 40,639.