ಡಾಕ್ಟರ ಎದುರು ‘ಪರವಾಗಿಲ್ಲ’ ಅನ್ನಬೇಡ

ತಂಗಿ, ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲೇ ಬರೀತೀನಿ. ನಿನಗೆ 33 ವರ್ಷ, ತುಮಕೂರಿಂದ ನ್ಯೂಜೆರ್ಸಿಗೆ ಬಂದು ಎರಡು ವರ್ಷ. ಎಚ್-1ಬಿ ಅನ್ನೋ ಕೆಲಸದ ವೀಸಾ ನಿನ್ನದು, ಗಂಡ ಅದರ ಅವಲಂಬಿತ ಎಚ್-4 ವೀಸಾದಲ್ಲಿ ಮನೆಯಲ್ಲಿದ್ದಾರೆ, ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿಬೀಳೋ ಲೂಪಸ್ ಕಾಯಿಲೆ ಈಗ ಕಿಡ್ನಿಗೂ ಬಂದಿದೆ. ಅದಕ್ಕೆ ಕೊಡೋ ಬೆಲಿಮುಮ್ಯಾಬ್ ಇಂಜೆಕ್ಷನ್‌ಗೆ ಇನ್ಶೂರೆನ್ಸ್‌ನವರು ಒಪ್ಪಿಲ್ಲ. ದುಡಿಯೋಕಾಗದೇ ಹೋದ್ರೆ ಮನೆ ಹೇಗೆ ನಡೆಯತ್ತೆ, ವೀಸಾ ಏನಾಗತ್ತೆ ಅಂತ ಕೇಳಿದ್ದೀಯ. ನಾನು ಇದೇ ರಾಜ್ಯದಲ್ಲಿ 18 ವರ್ಷದಿಂದ ಇದ್ದೀನಿ. ನನ್ನ ಲೂಪಸ್ ಗೊತ್ತಾಗಿದ್ದು ಅದಕ್ಕೂ ಮುಂಚೆ, ಬೆಂಗಳೂರಲ್ಲಿ.

ಮೊದಲು ಇಂಜೆಕ್ಷನ್ ವಿಷಯ, ಯಾಕಂದ್ರೆ ಅದಕ್ಕೆ ಗಡುವಿದೆ. ನಿರಾಕರಣೆ ಪತ್ರ ಕೈಗೆ ಬಂದ ದಿನದಿಂದ 180 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಿಡ್ನಿಗೆ ಅಪಾಯ ಇದೆ, ತುರ್ತು ಅಂತ ಡಾಕ್ಟರು ಬರೆದುಕೊಟ್ರೆ 72 ಗಂಟೆಯಲ್ಲಿ ಉತ್ತರ ಕೊಡಬೇಕು. ಅಲ್ಲೂ ಆಗಲ್ಲ ಅಂದ್ರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳು. ಅದರ ತೀರ್ಪನ್ನ ಇನ್ಶೂರೆನ್ಸ್ ಕಂಪನಿ ಪಾಲಿಸಲೇಬೇಕು. ಇದಕ್ಕೂ ಮುಂಚೆ ನಿನ್ನ ಡಾಕ್ಟರಿಗೆ ‘ಪಿಯರ್ ಟು ಪಿಯರ್’ ಮಾಡಿ ಅಂತ ಹೇಳು. ಅಂದ್ರೆ ನಿನ್ನ ಡಾಕ್ಟರು ಇನ್ಶೂರೆನ್ಸ್ ಕಡೆಯ ಡಾಕ್ಟರ ಜೊತೆ ನೇರವಾಗಿ ಫೋನಲ್ಲಿ ಮಾತಾಡೋದು.

ಪತ್ರದಲ್ಲಿ ಕಾರಣ ಏನಂತ ಇದೆ ನೋಡು. ಬೇರೆ ಔಷಧಿ ಮೊದಲು ತಗೊಂಡು ನೋಡಿಲ್ಲ ಅಂತಿದ್ರೆ ಊರಲ್ಲಿ ಚಿಕಿತ್ಸೆ ತಗೊಂಡಾಗಿನ ನಿನ್ನ ಫೈಲು ತೆಗಿ. ನನಗೂ ಹಾಗೇ ಆಗಿತ್ತು. ಅಜಥಯೋಪ್ರಿನ್, ಮೈಕೋಫಿನೊಲೇಟ್ ಎರಡನ್ನೂ ನಾನು ಊರಲ್ಲೇ ತಗೊಂಡು ಮುಗಿಸಿದ್ದೆ, ಆದರೆ ಇಲ್ಲಿನವರ ಕಂಪ್ಯೂಟರಲ್ಲಿ ಅದರ ಸುಳಿವೇ ಇರಲಿಲ್ಲ. ಅಮ್ಮ ಅಟ್ಟದ ಮೇಲಿಂದ ಆ ಪ್ಲಾಸ್ಟಿಕ್ ಫೈಲು ಇಳಿಸಿ, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟು ಒಂದೊಂದೇ ಫೋಟೋ ಹೊಡೆದು ವಾಟ್ಸಾಪಲ್ಲಿ ಕಳಿಸಿದ್ರು. ಎರಡು ವಾರದಲ್ಲಿ ಮಂಜೂರಾಯ್ತು. ನಮ್ಮ ಕಡೆ ಆಸ್ಪತ್ರೆ ಕಾಗದಗಳೆಲ್ಲ ಇಂಗ್ಲಿಷಲ್ಲೇ ಇರೋದ್ರಿಂದ ಅನುವಾದದ ತಲೆನೋವೂ ಇಲ್ಲ.

ಹಳೇ ಕಾಯಿಲೆ ಅಂತ ಕೈಬಿಡ್ತಾರೇನೋ ಅನ್ನೋ ಭಯ ಬೇಡ. 2014ರಿಂದ ಕಂಪನಿ ಕೊಡೋ ಆರೋಗ್ಯ ವಿಮೆಯಲ್ಲಿ ಅದು ಕಾನೂನುಬಾಹಿರ.

ಇನ್ನು ದುಡ್ಡು. ನೀನು ನ್ಯೂಜೆರ್ಸಿಯಲ್ಲಿರೋದು ಅದೃಷ್ಟ ಅಂತಲೇ ಹೇಳ್ತೀನಿ, ಹೆಚ್ಚಿನ ರಾಜ್ಯಗಳಲ್ಲಿ ಇದಿಲ್ಲ. ಪೇ ಸ್ಲಿಪ್ಪಲ್ಲಿ ಕಾಯಿಲೆಯಿಂದ ದುಡಿಯೋಕಾಗದೇ ಇದ್ದಾಗ ಹಣ ಕೊಡೋ ರಾಜ್ಯದ ಡಿಸೆಬಿಲಿಟಿ ವಿಮೆಗೆ ಅಂತ ಕಡಿತ ಆಗ್ತಿರತ್ತೆ. ಡಾಕ್ಟರು ಕೆಲಸ ಬೇಡ ಅಂದ್ರೆ 26 ವಾರದವರೆಗೆ ಸಂಬಳದ 85 ಶೇಕಡಾ ಬರತ್ತೆ. ಅದಕ್ಕೂ ಮಿತಿಯಿದೆ, 2025ರಲ್ಲಿ ವಾರಕ್ಕೆ 1,081 ಡಾಲರ್. ರಜೆ ಶುರುವಾದ 30 ದಿನದೊಳಗೆ ಅರ್ಜಿ ಹಾಕಬೇಕು. ಆದರೆ ಈ ಹಣ ಬಂದ ಮಾತ್ರಕ್ಕೆ ಕೆಲಸ ಉಳಿಯತ್ತೆ ಅಂತ ನಂಬಬೇಡ. ಕೆಲಸಕ್ಕೆ ರಕ್ಷಣೆ ಎಫ್‌ಎಂಎಲ್‌ಎ ಅನ್ನೋ ಕೇಂದ್ರ ಕಾನೂನಿನ ರಜೆಯದು: 12 ವಾರ, ಸಂಬಳ ಇಲ್ಲ. ಅದಕ್ಕೆ ಕಂಪನಿಯಲ್ಲಿ ಒಂದು ವರ್ಷ ತುಂಬಿ, 1,250 ಗಂಟೆ ಕೆಲಸ ಆಗಿರಬೇಕು, ಕಂಪನಿಯೂ 50 ಜನರದಾದರೂ ಇರಬೇಕು. ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕು.

ದುಡಿಯೋಕಾಗದವರಿಗೆ ಕೇಂದ್ರ ಸರ್ಕಾರ ತಿಂಗಳು ತಿಂಗಳು ಹಣ ಕೊಡೋ ಎಸ್‌ಎಸ್‌ಡಿಐ ಬಗ್ಗೆ ನಿನಗೆ ಯಾರೋ ಆಸೆ ಹುಟ್ಟಿಸಿದ್ದಾರೆ. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ: ನಿನಗೆ ಈಗ ಅದು ಸಿಗಲ್ಲ. ನಿನ್ನ ವಯಸ್ಸಿಗೆ 20 ಕ್ರೆಡಿಟ್, ಅಂದ್ರೆ ಇಲ್ಲಿ ದುಡಿದು ತೆರಿಗೆ ಕಟ್ಟಿದ್ದಕ್ಕೆ ಸಿಗೋ ಅಂಕ, ಬೇಕು, ವರ್ಷಕ್ಕೆ ಸಿಗೋದು ಹೆಚ್ಚೆಂದ್ರೆ ನಾಲ್ಕು. ಅಂದ್ರೆ ಐದು ವರ್ಷದ ದುಡಿಮೆ. ಭಾರತ–ಅಮೆರಿಕ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದ್ದರಿಂದ ಊರಲ್ಲಿ ಪಿಎಫ್ ಕಟ್ಟಿದ ವರ್ಷಗಳು ಲೆಕ್ಕಕ್ಕೆ ಬರಲ್ಲ. ಮುಂದೆ ಅರ್ಹತೆ ಬಂದಾಗಲೂ ಮೊದಲ ಐದು ತಿಂಗಳು ಹಣ ಇಲ್ಲ, ಆಮೇಲೆ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆಗೆ ಇನ್ನೂ 24 ತಿಂಗಳು ಕಾಯಬೇಕು.

ಅದಕ್ಕೇ ನಿನ್ನ ಕಂಪನಿಯಲ್ಲಿ ದೀರ್ಘಾವಧಿ ಡಿಸೆಬಿಲಿಟಿ ವಿಮೆ ಇದೆಯಾ ಅಂತ ಎಚ್‌ಆರ್ ಹತ್ತಿರ ಕೇಳಿ, ಪಾಲಿಸಿ ಪೂರ್ತಿ ಓದು. ಇದು ಆರೋಗ್ಯ ವಿಮೆ ಹಾಗಲ್ಲ. ಸೇರಿದ ಹೊಸದರಲ್ಲಿ ಹಳೇ ಕಾಯಿಲೆಯನ್ನ ಹೊರಗಿಡೋ ಷರತ್ತು ಇರಬಹುದು. ನನಗೆ ಪೆಟ್ಟು ಬಿದ್ದಿದ್ದು ಈ ವಿಮೆಯಲ್ಲೇ, ಅದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು.

ಆ ವರ್ಷ ಬೆಳಿಗ್ಗೆ ಕುಕ್ಕರ್ ಮುಚ್ಚಳ ತಿರುಗಿಸೋಕೆ ನನ್ನ ಬೆರಳಿಗೆ ಆಗ್ತಿರಲಿಲ್ಲ. ಸ್ನಾನ ಮಾಡಿ ಬಂದ್ರೆ ಮುಕ್ಕಾಲು ಗಂಟೆ ಮಲಗಬೇಕಿತ್ತು. ಡಾಕ್ಟರು ಹೇಗಿದ್ದೀರಿ ಅಂದ್ರೆ ಮಾತ್ರ ‘ಪರವಾಗಿಲ್ಲ, ಚೆನ್ನಾಗಿದ್ದೀನಿ’ ಅಂತಿದ್ದೆ. ನೋವು ಹೇಳಿಕೊಳ್ಳೋದು ಸಣ್ಣತನ ಅಂತ ನಮ್ಮನ್ನ ಬೆಳೆಸಿದ್ದಾರಲ್ಲ. ಅವರು ಅದನ್ನೇ ಬರೆದುಕೊಂಡರು: ರೋಗಿ ಚೆನ್ನಾಗಿದ್ದಾರೆ, ದೂರುಗಳಿಲ್ಲ. ವಿಮಾ ಕಂಪನಿಯ ನಿರಾಕರಣೆ ಪತ್ರದಲ್ಲಿ ನನ್ನದೇ ಮಾತು ನಾಲ್ಕು ಕಡೆ ಎತ್ತಿ ಹಾಕಿದ್ರು. ಅದನ್ನ ಓದಿ ಅಡುಗೆಮನೆ ನೆಲದ ಮೇಲೆ ಕೂತು ಅತ್ತಿದ್ದು ಇನ್ನೂ ನೆನಪಿದೆ.

ಮೇಲ್ಮನವಿಗೆ ಮೂರು ತಿಂಗಳು ದಿನಚರಿ ಬರೆದೆ. ಎಷ್ಟು ಹೊತ್ತು ಕೂರೋಕಾಯ್ತು, ಎಷ್ಟು ನಿಮಿಷ ಟೈಪ್ ಮಾಡಿದ ಮೇಲೆ ಬೆರಳು ಊದಿತು, ಯಾವ ದಿನ ಜ್ವರ ಅಂತ. ಅದನ್ನ ನೋಡಿ ಡಾಕ್ಟರು ಹೊಸ ಪತ್ರ ಕೊಟ್ಟರು. ಅದರಲ್ಲಿ ಕೂರೋದು, ನಿಲ್ಲೋದು, ಬೆರಳಿನ ಕೆಲಸ ಎಲ್ಲಕ್ಕೂ ಗಂಟೆಗಳ ಲೆಕ್ಕ ಇತ್ತು. ಆಗ ಒಪ್ಪಿದರು. ಯಾವ ಅರ್ಜಿಯಲ್ಲೂ ಅವರು ಅಳೆಯೋದು ನಿನ್ನ ಕೈಲಿ ಏನು ಆಗಲ್ಲ ಅನ್ನೋದನ್ನ. ಎಸ್‌ಎಸ್‌ಡಿಐನವರ ಕಾಯಿಲೆಗಳ ಪಟ್ಟಿಯಲ್ಲಿ ಲೂಪಸ್‌ಗೆ 14.02 ಅಂತ ಪ್ರತ್ಯೇಕ ನಮೂದೇ ಇದೆ, ಆದರೂ ಬರೀ ಕಾಯಿಲೆಯ ಹೆಸರಿಗೆ ಅಲ್ಲೂ ಹಣ ಬರಲ್ಲ. ಸುಸ್ತು ಅಂತ ಹೇಳಬೇಡ. ಮೆಟ್ಟಿಲು ಹತ್ತಿದ ಮೇಲೆ ಎಷ್ಟು ಹೊತ್ತು ಕೂತೆ ಅಂತ ಹೇಳು. 2021ರಿಂದ ಡಾಕ್ಟರ ಟಿಪ್ಪಣಿಯನ್ನ ಆಸ್ಪತ್ರೆಯ ಪೋರ್ಟಲಲ್ಲಿ ನಾವೇ ಓದಬಹುದು. ಪ್ರತಿ ಸಲ ಓದು, ತಪ್ಪಿದ್ರೆ ತಿದ್ದುಪಡಿ ಕೇಳು.

ವೀಸಾ: ಕಂಪನಿ ನಿನ್ನನ್ನ ನೌಕರಿಯಲ್ಲಿ ಇಟ್ಟುಕೊಂಡು, ನೀನು ಕಾಯಿಲೆಗೆ ಅಂತ ಕೇಳಿ ರಜೆ ತಗೊಂಡ್ರೆ ಅಷ್ಟಕ್ಕೇ ಎಚ್-1ಬಿ ಹೋಗಲ್ಲ. ಕೆಲಸವೇ ಹೋದ್ರೆ ಬೇರೆ ದಾರಿ ನೋಡಿಕೊಳ್ಳೋಕೆ ಸಿಗೋದು ಹೆಚ್ಚೆಂದ್ರೆ 60 ದಿನ. ರಜೆಗೆ ಮುಂಚೆ ನಿನ್ನದೇ ವಕೀಲರೊಬ್ಬರನ್ನ ಕೇಳು. ಕಂಪನಿಯ ವಕೀಲರು ಕಂಪನಿಯವರು, ಅದು ನೆನಪಿರಲಿ.

ಮುಂದಿನ ಸಲ ಡಾಕ್ಟರ ಹತ್ತಿರ ನಿನ್ನ ಯಜಮಾನರನ್ನೂ ಕರ್ಕೊಂಡು ಹೋಗು. ರಾತ್ರಿ ನೀನು ನರಳೋದು ಅವರಿಗೆ ಗೊತ್ತು. ಅಭ್ಯಾಸಬಲದಿಂದ ನೀನು ‘ಪರವಾಗಿಲ್ಲ’ ಅಂದುಬಿಟ್ರೆ ಅವರು ಅಲ್ಲೇ ಬಾಯಿ ಹಾಕಿ ತಿದ್ದಲಿ.